ಆಕ್ಸಿಜನ್ ಜೊತೆಗೆ ಮೂತ್ರದ ಲೆಕ್ಕವೂ ಇರಲಿ

ಮಾನ್ಯ ಸಂಪಾದಕರೇ,

ಕೊರೊನಾ ಸೋಂಕಿನಿಂದ ದವಾಖಾನೆ ಸೇರಿದವರ ಕಿಡ್ನಿ ಕೆಲವೇ ದಿನಗಳಲ್ಲಿ ಕೈಕೊಡುವ ತೊಂದರೆಯ ಬಗ್ಗೆ ಈ ಪತ್ರ. ದೊಡ್ಡ ಅಲೆಗಳು ಬಂದುಹೋಗಿ ವರ್ಷಗಳಾದವು, 2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ತುರ್ತು ಪರಿಸ್ಥಿತಿ ಮುಗಿಯಿತೆಂದು ಸಾರಿತು, ಈಗೇಕೆ ಈ ಮಾತು ಎಂದು ಓದುಗರು ಕೇಳಬಹುದು. ಸೋಂಕು ಪೂರ್ತಿ ಹೋಗಿಲ್ಲ. ವಯಸ್ಸಾದವರು, ಸಕ್ಕರೆ ಕಾಯಿಲೆಯವರು ಇಂದಿಗೂ ಅದರಿಂದ ದಾಖಲಾಗುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಆಗ ಕಿಡ್ನಿಗೆ ಪೆಟ್ಟು ಬಿದ್ದು ಹೇಗೋ ಉಳಿದು ಮನೆಗೆ ಹೋದವರಲ್ಲಿ ಆಮೇಲೆ ಒಮ್ಮೆಯೂ ರಕ್ತ, ಮೂತ್ರ ತೋರಿಸದವರು ಹುಬ್ಬಳ್ಳಿ–ಧಾರವಾಡ, ಗದಗ, ಹಾವೇರಿ ಸುತ್ತಿನ ಹಳ್ಳಿಗಳಲ್ಲಿ ಇದ್ದೇ ಇದ್ದಾರೆ.

ವಾರ್ಡಿನ ಹೊರಗೆ ನಿಂತವರು ಮೊದಲು ಕೇಳುವುದು ‘ಆಕ್ಸಿಜನ್ ಎಷ್ಟೈತ್ರಿ?’ ಎಂದು. ಅದನ್ನು ಕೇಳಲೇಬೇಕು. ಆದರೆ ‘ನಿನ್ನೆಯಿಂದ ಒಂದಕ್ಕೆ ಎಷ್ಟು ಹೋಗ್ಯಾರ?’ ಎಂದು ಕೇಳುವವರು ಅಪರೂಪ, ಒಳಗೆ ಅದನ್ನು ಗಂಟೆಗಂಟೆಗೆ ಅಳೆದು ಬರೆಯುವುದೂ ಅಪರೂಪ. ಕಿಡ್ನಿಗೆ ಪೆಟ್ಟು ಬಿದ್ದಾಗ ನೋವಾಗುವುದಿಲ್ಲ, ರೋಗಿಗೆ ತಿಳಿಯುವುದೂ ಇಲ್ಲ. ಅದು ಗೊತ್ತಾಗುವುದು ಮೂತ್ರದ ಅಳತೆಯಿಂದ ಮತ್ತು ಕಿಡ್ನಿ ಹೊರಹಾಕಬೇಕಾದ ರಕ್ತದ ಕಸವಾದ ಕ್ರಿಯಾಟಿನಿನ್‌ನಿಂದ ಮಾತ್ರ.

ಇದಕ್ಕೆ ಜಗತ್ತಿನಾದ್ಯಂತ ಒಪ್ಪಿದ ಅಳತೆಗೋಲಿದೆ. 48 ತಾಸಿನೊಳಗೆ ಕ್ರಿಯಾಟಿನಿನ್ 100 ಮಿ.ಲೀ. ರಕ್ತಕ್ಕೆ 0.3 ಮಿ.ಗ್ರಾಂ. ಏರಿದರೆ, ಅಥವಾ ಏಳು ದಿನದೊಳಗೆ ಮೊದಲಿನ ಮಟ್ಟದ ಒಂದೂವರೆ ಪಟ್ಟಾದರೆ, ಅಥವಾ ಆರು ತಾಸಿನ ಮೂತ್ರ ದೇಹದ ತೂಕದ ಪ್ರತಿ ಕಿಲೋಗೆ ತಾಸಿಗೆ ಅರ್ಧ ಮಿ.ಲೀ.ಗಿಂತ ಕಡಿಮೆಯಾದರೆ ಅದು ಕಿಡ್ನಿಯ ತೀವ್ರ ಘಾಸಿ. ಅರವತ್ತು ಕಿಲೋ ತೂಕದವರಿಗೆ ಲೆಕ್ಕ ಹಾಕಿ: ತಾಸಿಗೆ 30 ಮಿ.ಲೀ., ಆರು ತಾಸಿಗೆ 180. ಅಷ್ಟೂ ಬರದಿದ್ದರೆ ಕ್ರಿಯಾಟಿನಿನ್ ವರದಿ ಚೆನ್ನಾಗಿದ್ದರೂ ನಂಬುವಂತಿಲ್ಲ. ಏಕೆಂದರೆ ಕಿಡ್ನಿ ಸೋತ ಮೇಲೆ ಕ್ರಿಯಾಟಿನಿನ್ ರಕ್ತದಲ್ಲಿ ಕೂಡಿ ಏರಲು ಒಂದೆರಡು ದಿನ ಹಿಡಿಯುತ್ತದೆ. ಕ್ರಿಯಾಟಿನಿನ್ ಮೊದಲಿನ ಮೂರು ಪಟ್ಟಾದರೆ ಅಥವಾ 4 ಮುಟ್ಟಿದರೆ ಅದು ಮೂರನೆಯ, ಅಂದರೆ ಅತಿ ಗಂಭೀರ ಹಂತ.

ನಮ್ಮ ಕಡೆ ಇಲ್ಲೊಂದು ತೊಡಕಿದೆ. ‘ಮೊದಲಿನ ಮಟ್ಟ’ ಎಂಬುದೇ ಬಹಳ ಮಂದಿಗೆ ಇರುವುದಿಲ್ಲ. ಜೀವಮಾನದಲ್ಲಿ ಒಮ್ಮೆಯೂ ಕ್ರಿಯಾಟಿನಿನ್ ನೋಡಿಸದವರು ದಾಖಲಾದ ದಿನ 1.6 ಬಂದರೆ ಅದು ಹಳೆಯದೋ ಹೊಸದೋ? ಮನೆಯವರು ಹಳೆಯ ಕಾಗದ ಹುಡುಕಿ ತರಬೇಕು. ಕಣ್ಣಿನ ಪೊರೆ, ಹರ್ನಿಯಾ, ಹೆರಿಗೆ ಎಂದು ಯಾವುದೇ ಆಪರೇಷನ್‌ಗೆ ಮುಂಚೆ ಮಾಡಿಸಿದ ರಕ್ತ ಪರೀಕ್ಷೆಯ ಚೀಟಿ ಸಾಕು. ಅದೂ ಇಲ್ಲದಿದ್ದರೆ ಸೋನೋಗ್ರಫಿಯಲ್ಲಿ ಕಿಡ್ನಿ ಒಂಬತ್ತು ಸೆಂ.ಮೀ.ಗಿಂತ ಕುಗ್ಗಿದೆಯೇ ನೋಡಬೇಕು, 24 ತಾಸಿನಲ್ಲಿ ರಕ್ತವನ್ನು ಮತ್ತೊಮ್ಮೆ ಕಳಿಸಬೇಕು. ತೆಳ್ಳಗಿನ ಅಜ್ಜಿಯರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಎಪ್ಪತ್ತು ವರ್ಷದ ಹೆಣ್ಣುಮಗಳಿಗೆ ಕ್ರಿಯಾಟಿನಿನ್ 1.1 ಎಂದರೆ ಲ್ಯಾಬಿನ ಕಾಗದದಲ್ಲಿ ಸರಿಯಾಗಿಯೇ ಕಾಣಬಹುದು, ಆದರೆ ಸೂತ್ರ ಹಾಕಿ ನೋಡಿದರೆ ಕಿಡ್ನಿಯ ಸಾಮರ್ಥ್ಯ (ನಿಮಿಷಕ್ಕೆ ಎಷ್ಟು ಮಿ.ಲೀ. ಸೋಸುತ್ತದೆ ಎಂಬ ಅಳತೆ) 55ರ ಆಸುಪಾಸಿಗೆ ಇಳಿದಿರುತ್ತದೆ. ಮೈಯಲ್ಲಿ ಮಾಂಸ ಕಡಿಮೆಯಿದ್ದರೆ ಆ ಲೆಕ್ಕವೂ ಹೆಚ್ಚೇ ಆಗಿರಬಹುದು.

ಎಷ್ಟು ಮಂದಿಗೆ ಹೀಗಾಗುತ್ತದೆ? 2020ರ ಮೊದಲ ತಿಂಗಳುಗಳಲ್ಲಿ ವುಹಾನ್‌ನಿಂದ ಬಂದ 701 ರೋಗಿಗಳ ವರದಿಯಲ್ಲಿ ಶೇ 5ರಷ್ಟು ಎಂದಿತ್ತು. ಕೆಲವೇ ತಿಂಗಳಲ್ಲಿ ನ್ಯೂಯಾರ್ಕ್‌ನ ಒಂದು ಆಸ್ಪತ್ರೆ ಸಮೂಹದ 5,449 ರೋಗಿಗಳ ವರದಿ ಬಂತು: ಶೇ 36.6. ವೆಂಟಿಲೇಟರ್ ಮೇಲಿದ್ದವರಲ್ಲಂತೂ ಸುಮಾರು ಶೇ 90. ಈ ಅಂತರಕ್ಕೆ ವೈರಸ್ ಬದಲಾದದ್ದು ಕಾರಣವಲ್ಲ. ದಾಖಲಾದವರ ಕಾಯಿಲೆ ಎಷ್ಟು ತೀವ್ರವಾಗಿತ್ತು, ಅವರಿಗೆ ಬಿಪಿ, ಸಕ್ಕರೆ ಎಷ್ಟಿತ್ತು, ಕ್ರಿಯಾಟಿನಿನ್ ಎಷ್ಟು ಸಲ ಅಳೆದರು ಎಂಬುದರ ಮೇಲೆ ಅಂಕಿ ಏರಿಳಿಯುತ್ತದೆ. ವಾರಕ್ಕೊಮ್ಮೆ ರಕ್ತ ಕಳಿಸುವಲ್ಲಿ ‘ನಮ್ಮಲ್ಲಿ ಕಿಡ್ನಿ ತೊಂದರೆ ಕಡಿಮೆ’ ಎಂದು ಬರೆದುಕೊಳ್ಳುವುದು ಸುಲಭ.

ಕಾರಣಗಳಿಗೆ ಬರೋಣ. ವೈರಸ್ ಒಳಹೊಗಲು ಬಳಸುವ ಎಸಿಇ–2 ಎಂಬ ಬಾಗಿಲು ಕಿಡ್ನಿಯಲ್ಲಿ ಮೂತ್ರ ಹರಿಯುವ ಸೂಕ್ಷ್ಮ ನಾಳಗಳಲ್ಲಿಯೂ ಇದೆ. ಹಾಗೆಂದು ವೈರಸ್ಸೇ ನೇರವಾಗಿ ಕಿಡ್ನಿ ತಿನ್ನುತ್ತದೆ ಎನ್ನಲಾಗದು, ಆ ಚರ್ಚೆ ತಜ್ಞರಲ್ಲಿ ಇತ್ಯರ್ಥವಾಗಿಲ್ಲ. ಬಯಾಪ್ಸಿ, ಶವಪರೀಕ್ಷೆಗಳಲ್ಲಿ ಹೆಚ್ಚಾಗಿ ಕಂಡದ್ದು ಆ ನಾಳಗಳ ಜೀವಕೋಶಗಳ ಗಾಯ. ಅದಕ್ಕೆ ದಾರಿ ಹಲವು: ಐದಾರು ದಿನ ಜ್ವರ, ಭೇದಿ, ಊಟವಿಲ್ಲದೆ ಮೈ ಒಣಗುವುದು, ಆಕ್ಸಿಜನ್ ಇಳಿಯುವುದು, ನಂಜೇರಿ ಬಿಪಿ ಬೀಳುವುದು, ಸಣ್ಣ ರಕ್ತನಾಳಗಳಲ್ಲಿ ಹೆಪ್ಪುಗಟ್ಟುವುದು. ವೆಂಟಿಲೇಟರ್ ಒತ್ತಡ ಏರಿಸಿದಾಗ ಎದೆಯೊಳಗಿನ ಒತ್ತಡವೂ ಏರಿ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ, ಕಿಡ್ನಿಯ ಅಭಿಧಮನಿಗಳಲ್ಲಿ ರಕ್ತ ಕಟ್ಟಿಕೊಳ್ಳುತ್ತದೆ. ಅದೇ ನ್ಯೂಯಾರ್ಕ್ ವರದಿಯಲ್ಲಿ ವೆಂಟಿಲೇಟರ್ ಮೇಲಿದ್ದವರ ಪೈಕಿ ಅರ್ಧದಷ್ಟು ಮಂದಿಯ ಕಿಡ್ನಿ ಸೋತದ್ದು ಉಸಿರಿನ ಕೊಳವೆ ಹಾಕಿದ 24 ತಾಸಿನ ಒಳಗೆ. ಆ ಒಂದು ದಿನ ಮೂತ್ರದ ಮೇಲೆ ಕಣ್ಣಿಡದಿದ್ದರೆ ಇನ್ಯಾವಾಗ ಇಡುವುದು?

ಈಗ ಮೂತ್ರದ ಚೀಲವನ್ನೇ ಹತ್ತಿರದಿಂದ ನೋಡಿ. ಮಾಮೂಲಿ ಯೂರೋಬ್ಯಾಗ್ ಎರಡು ಲೀಟರಿನದು. ಅದರ ಮೇಲಿನ ಗೆರೆಗಳು ನೂರು ಮಿ.ಲೀ.ಗೊಂದು, ತಳದಲ್ಲಿ ಸೊಟ್ಟಗಾಗಿ ನೇತಾಡುವ ಚೀಲದಲ್ಲಿ 30 ಮತ್ತು 60ರ ನಡುವಣ ವ್ಯತ್ಯಾಸ ಕಾಣುವುದೇ ಇಲ್ಲ. ಪಾಳಿ ಮುಗಿಯುವಾಗ ಚೀಲ ಖಾಲಿ ಮಾಡಿ ‘600’ ಎಂದು ಬರೆದರೆ, ಮೊದಲ ನಾಲ್ಕು ತಾಸಿನಲ್ಲಿ 550 ಬಂದು ಕೊನೆಯ ನಾಲ್ಕರಲ್ಲಿ 50 ಮಾತ್ರ ಬಂದದ್ದು ಮುಚ್ಚಿಹೋಗುತ್ತದೆ. ಐಸಿಯುನಲ್ಲಿ ಯೂರೋಮೀಟರ್ ಇರುವ ಚೀಲವೇ ಬೇಕು: ಮೇಲೆ ಗಟ್ಟಿ ಪ್ಲಾಸ್ಟಿಕ್ಕಿನ ಸಣ್ಣ ಡಬ್ಬಿ, ಅದರಲ್ಲಿ ಮಿ.ಲೀ. ಗೆರೆಗಳು, ಪ್ರತಿ ತಾಸಿಗೆ ಓದಿ ಕೆಳಗಿನ ಚೀಲಕ್ಕೆ ಬಗ್ಗಿಸುವುದು. ಬೆಲೆ ಸ್ವಲ್ಪ ಹೆಚ್ಚು, ಆದರೆ ಒಂದು ಡಯಾಲಿಸಿಸ್‌ನ ಖರ್ಚಿನ ಮುಂದೆ ಅದೊಂದು ಲೆಕ್ಕವೇ ಅಲ್ಲ. ಮೂತ್ರದ ಕೊಳವೆ ಇಲ್ಲದವರಿಗೆ ಅಳತೆಯ ಡಬ್ಬಿ ಕೊಟ್ಟು ಬರೆಸಬೇಕು. ಡೈಪರ್ ಹಾಕಿದವರಿಗೆ ಒದ್ದೆ ಡೈಪರ್ ತೂಗಿ ಒಣಗಿದ್ದರ ತೂಕ ಕಳೆಯಬೇಕು, ಒಂದು ಗ್ರಾಂಗೆ ಒಂದು ಮಿ.ಲೀ. ಎಂದು ಲೆಕ್ಕ. ಮೂತ್ರ ಅಳೆಯಲೆಂದೇ ಎಲ್ಲರಿಗೂ ಕೊಳವೆ ಹಾಕುವುದು ಬೇಡ, ಅದು ಇನ್ನೊಂದು ಸೋಂಕಿಗೆ ದಾರಿ.

ಇದ್ದಕ್ಕಿದ್ದಂತೆ ಮೂತ್ರ ಸೊನ್ನೆಯಾದರೆ ಕಿಡ್ನಿಯನ್ನು ದೂರುವ ಮುನ್ನ ಕೊಳವೆ ನೋಡಿ. ಬೋರಲು ಮಲಗಿಸಿದಾಗ ಅದು ತೊಡೆಯಡಿ ಸಿಕ್ಕಿ ಮಡಚಿರುತ್ತದೆ, ರಕ್ತದ ಹೆಪ್ಪೋ ಕೀವೋ ಕಟ್ಟಿರುತ್ತದೆ. ಹೊಕ್ಕುಳ ಕೆಳಗೆ ಕೈಯಿಟ್ಟರೆ ಮೂತ್ರಕೋಶ ಉಬ್ಬಿದ್ದು ತಿಳಿಯುತ್ತದೆ. ಪ್ರಾಸ್ಟೇಟ್ ಬೆಳೆದ ಗಂಡಸರಲ್ಲಿ ಇದು ಬಹಳ ಸಲ ಆಗುವಂಥದ್ದು.

ಇನ್ನೊಂದು ಮೋಸ ಸಕ್ಕರೆಯದು. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಟ್ಟಾಗ ರಕ್ತದ ಸಕ್ಕರೆ 300 ದಾಟುವುದು ಸಾಮಾನ್ಯ. ಆಗ ಸಕ್ಕರೆ ತನ್ನ ಜೊತೆ ನೀರನ್ನೂ ಎಳೆದುಕೊಂಡು ಮೂತ್ರಕ್ಕೆ ಹೋಗುತ್ತದೆ. ಚೀಲ ತುಂಬಿರುತ್ತದೆ, ಚಾರ್ಟಿನಲ್ಲಿ ಮೂತ್ರ ಎರಡೂವರೆ ಲೀಟರ್ ಎಂದು ಚೆಂದ ಕಾಣುತ್ತದೆ, ಒಳಗೆ ರೋಗಿ ಒಣಗುತ್ತಿರುತ್ತಾರೆ. ಮೂತ್ರದ ಅಂಕಿಯನ್ನು ಸಕ್ಕರೆಯ ಅಂಕಿಯ ಪಕ್ಕದಲ್ಲಿಟ್ಟೇ ಓದಬೇಕು.

ಸಲೈನ್ ಬಗ್ಗೆ ಎರಡೂ ಕಡೆಯ ತಪ್ಪುಗಳಾಗಿವೆ. ಶ್ವಾಸಕೋಶ ಒದ್ದೆಯಾಗಬಾರದೆಂದು ಮೊದಲ ದಿನದಿಂದಲೇ ಮೂತ್ರ ಹೆಚ್ಚಿಸುವ ಲ್ಯಾಸಿಕ್ಸ್ ಕೊಟ್ಟು ಒಣಗಿಸಿದ್ದುಂಟು. ‘ಕ್ರಿಯಾಟಿನಿನ್ ಏರಿದೆ, ಸಲೈನ್ ಹಚ್ಚಿ’ ಎಂದು ದಿನಕ್ಕೆ ಮೂರು ಲೀಟರ್ ಏರಿಸಿ ಉಸಿರು ಕಟ್ಟಿಸಿದ್ದೂ ಉಂಟು. ಸರಿಯಾದ ಕ್ರಮ ಇಷ್ಟೇ: ನಾಲಿಗೆ ಒಣಗಿದೆ, ನಾಡಿ ಓಡುತ್ತಿದೆ, ಬಿಪಿ ಇಳಿದಿದೆ ಎಂದಾದರೆ 250ರಿಂದ 500 ಮಿ.ಲೀ. ರಿಂಗರ್ ಲ್ಯಾಕ್ಟೇಟ್ ಅನ್ನು ಅರ್ಧ ತಾಸಿನಲ್ಲಿ ಕೊಟ್ಟು ಮತ್ತೆ ಬಂದು ನೋಡುವುದು. ಬಿಪಿ, ಮೂತ್ರ ಸುಧಾರಿಸಿದರೆ ಇನ್ನೊಮ್ಮೆ, ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸುವುದು. ರಿಂಗರ್‌ನಲ್ಲಿ ಪೊಟ್ಯಾಸಿಯಂ ಇದೆಯೆಂದು ಹೆದರಿ ನಾರ್ಮಲ್ ಸಲೈನ್ ಸುರಿಯುವುದುಂಟು. ರಿಂಗರ್‌ನಲ್ಲಿರುವುದು ಲೀಟರಿಗೆ ನಾಲ್ಕು ಮಿಲಿಮೋಲ್ ಮಾತ್ರ, ನಮ್ಮ ರಕ್ತದಲ್ಲಿರುವಷ್ಟೇ. ಲೀಟರುಗಟ್ಟಲೆ ನಾರ್ಮಲ್ ಸಲೈನ್ ಕೊಟ್ಟರೆ ರಕ್ತ ಆಮ್ಲೀಯವಾಗುತ್ತದೆ. ಲ್ಯಾಸಿಕ್ಸ್ ಕಿಡ್ನಿಯನ್ನು ಗುಣಪಡಿಸುವ ಔಷಧವಲ್ಲ. ಮೈಯಲ್ಲಿ ನೀರು ಹೆಚ್ಚಾಗಿದ್ದರೆ ತೆಗೆಯಲು ಅದು ಬೇಕು. ಮೈ ಒಣಗಿಲ್ಲವೆಂದು ಖಾತ್ರಿಯಾದ ಮೇಲೆ ಅದನ್ನೇ ಪರೀಕ್ಷೆಯಾಗಿಯೂ ಬಳಸಬಹುದು: ಕಿಲೋಗೆ ಒಂದು ಮಿ.ಗ್ರಾಂ. ಕೊಟ್ಟು ಎರಡು ತಾಸಿನಲ್ಲಿ 200 ಮಿ.ಲೀ. ಮೂತ್ರ ಬರದಿದ್ದರೆ ಕಿಡ್ನಿ ಇನ್ನೂ ಕೆಳಗಿಳಿಯುವ ಸಂಭವ ಹೆಚ್ಚು. ಡಯಾಲಿಸಿಸ್ ಇರುವಲ್ಲಿಗೆ ಫೋನ್ ಮಾಡುವ ಹೊತ್ತು ಅದು.

ಔಷಧಗಳ ವಿಷಯ ನಮಗೆ ಅತಿ ನೋವಿನದು, ಏಕೆಂದರೆ ಇದು ಪೂರ್ತಿ ನಮ್ಮ ಕೈಯಲ್ಲಿದೆ. ಜ್ವರ, ಮೈಕೈ ನೋವಿಗೆ ಊರಲ್ಲೇ ಡೈಕ್ಲೋಫೆನಾಕ್ ಸೂಜಿ, ಅಂಗಡಿಯಿಂದ ಐಬುಪ್ರೊಫೆನ್, ನಿಮೆಸುಲೈಡ್ ಗುಳಿಗೆ ತೆಗೆದುಕೊಂಡು ಬರುವವರು ಬಹಳ. ಮೈ ಒಣಗಿದಾಗ ಕಿಡ್ನಿ ತನ್ನ ಒಳಬರುವ ರಕ್ತನಾಳವನ್ನು ಹಿಗ್ಗಿಸಿ, ಹೊರಹೋಗುವುದನ್ನು ಬಿಗಿಹಿಡಿದು ಒತ್ತಡ ಕಾಯ್ದುಕೊಳ್ಳುತ್ತದೆ. ನೋವಿನ ಗುಳಿಗೆ ಮೊದಲನೆಯದನ್ನು ಕುಗ್ಗಿಸುತ್ತದೆ, ಟೆಲ್ಮಿಸಾರ್ಟಾನ್, ರಾಮಿಪ್ರಿಲ್‌ನಂಥ ಬಿಪಿ ಗುಳಿಗೆ ಎರಡನೆಯದನ್ನು ಸಡಿಲಿಸುತ್ತದೆ, ಮೂತ್ರ ಹೆಚ್ಚಿಸುವ ಗುಳಿಗೆ ಇರುವ ನೀರನ್ನೂ ಖಾಲಿ ಮಾಡುತ್ತದೆ. ಮೂರೂ ಕೂಡಿದರೆ ಆರೋಗ್ಯವಂತ ಕಿಡ್ನಿಯೂ ತಡೆಯದು. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ಆರು ತಾಸಿನ ಅಂತರದಲ್ಲಿ. ಹಾಗೆಂದು ಕೊರೊನಾ ಬಂದ ತಕ್ಷಣ ಬಿಪಿ ಗುಳಿಗೆಯನ್ನು ತಾವಾಗಿಯೇ ಬಿಡಬಾರದು. ವಾಂತಿಭೇದಿ ಇದ್ದು ಬಿಪಿ ಇಳಿದಿದ್ದರೆ ವೈದ್ಯರೇ ಕೆಲವು ದಿನ ನಿಲ್ಲಿಸುತ್ತಾರೆ, ಸಕ್ಕರೆ ಕಾಯಿಲೆಯ ಗುಳಿಗೆಗಳಾದ ಮೆಟ್‌ಫಾರ್ಮಿನ್, ಡಪಾಗ್ಲಿಫ್ಲೋಜಿನ್‌ಗೂ ಇದೇ ಮಾತು. 2021ರಲ್ಲಿ ಜನ ನುಂಗಿದ ವಿಟಮಿನ್ ಸಿ ರಾಶಿಯನ್ನೂ ಇಲ್ಲಿ ನೆನೆಯಬೇಕು. ಮಿತಿಮೀರಿದರೆ ಅದು ಆಕ್ಸಲೇಟ್ ಹರಳಾಗಿ ಕಿಡ್ನಿಯಲ್ಲಿ ಕೂರುತ್ತದೆ.

ಆಸ್ಪತ್ರೆಯೊಳಗೆ ಅಮಿಕಾಸಿನ್, ವ್ಯಾಂಕೊಮೈಸಿನ್, ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್‌ಗಳನ್ನು ಪ್ರತಿದಿನದ ಕ್ರಿಯಾಟಿನಿನ್ ನೋಡದೆ ಮುಂದುವರಿಸಬಾರದು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಎನೊಕ್ಸಾಪರಿನ್ ಹೊರಹೋಗುವುದು ಕಿಡ್ನಿಯ ಮೂಲಕ. ಸಾಮರ್ಥ್ಯ 30ಕ್ಕಿಂತ ಇಳಿದಾಗ ಚಿಕಿತ್ಸೆಯ ಪ್ರಮಾಣವನ್ನು ದಿನಕ್ಕೆ ಎರಡರ ಬದಲು ಒಂದಕ್ಕೆ ಇಳಿಸದಿದ್ದರೆ ರಕ್ತಸ್ರಾವವಾಗುತ್ತದೆ. ಕಿಡ್ನಿ ದಿನದಿನಕ್ಕೆ ಬದಲಾಗುತ್ತಿರುವಾಗ ಸಾದಾ ಹೆಪಾರಿನ್ ಮೇಲು. ವೈರಸ್ ತಡೆಯುವ ರೆಮ್‌ಡೆಸಿವಿರ್ ಬಗ್ಗೆ ಮೊದಲಿದ್ದ ಅಂಜಿಕೆ ಈಗಿಲ್ಲ, 2023ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಡಯಾಲಿಸಿಸ್ ರೋಗಿಗಳಿಗೂ ಪ್ರಮಾಣ ಬದಲಿಸದೆ ಕೊಡಬಹುದೆಂದರು.

ಎರಡನೇ ಅಲೆಯ ಬೆನ್ನಿಗೇ ಬಂದ ಕಪ್ಪು ಶಿಲೀಂಧ್ರಕ್ಕೆ ಕೊಟ್ಟ ಆಂಫೊಟೆರಿಸಿನ್–ಬಿ ಬೇರೆಯೇ ಪಾಠ. ಕೊಬ್ಬಿನ ಕಣಗಳಲ್ಲಿ ಸುತ್ತಿದ ಲೈಪೊಸೋಮಲ್ ಬಗೆ ಸಿಗದೆ ಹಳೆಯ ಬಗೆ ಕೊಟ್ಟಲ್ಲೆಲ್ಲ ಕಿಡ್ನಿಗೆ ಅಪಾಯ ಹೆಚ್ಚು. ಔಷಧಕ್ಕೆ ಮುಂಚೆ ಅರ್ಧದಿಂದ ಒಂದು ಲೀಟರ್ ನಾರ್ಮಲ್ ಸಲೈನ್ ಕೊಡಬೇಕು, ಆದರೆ ಔಷಧವನ್ನು ಮಾತ್ರ ಶೇ 5ರ ಡೆಕ್ಸ್‌ಟ್ರೋಸ್‌ನಲ್ಲೇ ಕಲಸಬೇಕು. ಸಲೈನ್ ತಾಗಿದರೆ ಅದು ಒಡೆದು ಗಸಿಗಟ್ಟುತ್ತದೆ, ಆದ್ದರಿಂದ ನಡುವೆ ನಳಿಗೆಯನ್ನು ಡೆಕ್ಸ್‌ಟ್ರೋಸ್‌ನಿಂದ ತೊಳೆಯಬೇಕು. ಪೊಟ್ಯಾಸಿಯಂ, ಮೆಗ್ನೀಸಿಯಂ ಮೂತ್ರದಲ್ಲಿ ಸೋರಿಹೋಗುವುದರಿಂದ ಎರಡನ್ನೂ ನೋಡುತ್ತ ತುಂಬುತ್ತಿರಬೇಕು. ಮೆಗ್ನೀಸಿಯಂ ತುಂಬದೆ ಪೊಟ್ಯಾಸಿಯಂ ಎಷ್ಟು ಕೊಟ್ಟರೂ ನಿಲ್ಲುವುದಿಲ್ಲ.

ಮೂತ್ರ ಕಡಿಮೆಯಾದವರಿಗೆ ತೊಂದರೆ ಇದರ ತಿರುಗುಮುರುಗು: ಪೊಟ್ಯಾಸಿಯಂ ಏರುತ್ತದೆ, ಹೃದಯ ನಿಲ್ಲುತ್ತದೆ. ಮನೆಯವರಿಗೆ ಒಂದು ಕಳಕಳಿಯ ವಿನಂತಿ. ರೋಗಿಗೆ ತಂಪು, ಶಕ್ತಿ ಎಂದು ಎಳನೀರು, ಮೋಸಂಬಿ ರಸ ತಂದು ಕುಡಿಸುವ ಮುನ್ನ ನರ್ಸ್‌ಗೆ ಕೇಳಿ. ಒಂದು ಎಳನೀರಿನಲ್ಲಿ 600–700 ಮಿ.ಗ್ರಾಂ. ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ಚೆನ್ನಾಗಿದ್ದವರಿಗೆ ಅದು ಅಮೃತವೇ, ದಿನಕ್ಕೆ 200 ಮಿ.ಲೀ. ಮೂತ್ರ ಹೋಗುವವರಿಗೆ ಎರಡು ಕಾಯಿ ಸಾಕು ಜೀವಕ್ಕೆ ಕುತ್ತಾಗಲು. ತೆಳುವಾದ ಅಕ್ಕಿ ಗಂಜಿ ಅಡ್ಡಿಯಿಲ್ಲ, ಅದನ್ನೂ ಅಳೆದು ಕೊಡಿ.

ಗದಗದಿಂದ ಹುಬ್ಬಳ್ಳಿಗೆ ಸುಮಾರು 60 ಕಿ.ಮೀ., ಹಾವೇರಿಯಿಂದ ಸುಮಾರು 75. ಶಿರಹಟ್ಟಿ, ರೋಣ, ಹಾನಗಲ್ ಕಡೆಯಿಂದ ಇನ್ನೂ ಹೊತ್ತು ಹಿಡಿಯುತ್ತದೆ. ಪೊಟ್ಯಾಸಿಯಂ 6.5 ದಾಟಿದ ರೋಗಿಯನ್ನು ‘ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಒಯ್ಯಿರಿ’ ಎಂದು ಚೀಟಿ ಕೊಟ್ಟು ಹಾಗೇ ಕಳಿಸಿದರೆ ದಾರಿಯಲ್ಲೇ ಹೃದಯ ನಿಲ್ಲಬಹುದು. ಮೊದಲು ಇಸಿಜಿ ತೆಗೆಯಿರಿ. ಟಿ ಅಲೆ ಚೂಪಾಗಿದ್ದರೆ ಶೇ 10ರ ಕ್ಯಾಲ್ಸಿಯಂ ಗ್ಲುಕೋನೇಟ್ 10 ಮಿ.ಲೀ. ನಿಧಾನವಾಗಿ ರಕ್ತನಾಳಕ್ಕೆ, ಬಳಿಕ ಶೇ 25ರ ಡೆಕ್ಸ್‌ಟ್ರೋಸ್ 100 ಮಿ.ಲೀ. ಜೊತೆ 10 ಯೂನಿಟ್ ರೆಗ್ಯುಲರ್ ಇನ್ಸುಲಿನ್, ಸಾಲ್ಬುಟಮಾಲ್ ನೆಬ್ಯುಲೈಸರ್. ಕ್ಯಾಲ್ಸಿಯಂ ಹೃದಯವನ್ನು ಅರ್ಧದಿಂದ ಒಂದು ತಾಸು ಕಾಯುತ್ತದೆ, ಇನ್ಸುಲಿನ್ ನಾಲ್ಕಾರು ತಾಸು. ಹುಬ್ಬಳ್ಳಿ ಮುಟ್ಟಲು ಅಷ್ಟು ಸಾಕು. ದಾರಿಯಲ್ಲಿ ತಾಸಿಗೊಮ್ಮೆ ಸಕ್ಕರೆ ನೋಡಬೇಕು, ಕೊಟ್ಟ ಔಷಧವನ್ನು ಹೊತ್ತಿನ ಸಮೇತ ಚೀಟಿಯಲ್ಲಿ ಬರೆಯಬೇಕು.

ಡಯಾಲಿಸಿಸ್ ಯಾವಾಗ ಎಂಬ ಗೊಂದಲಕ್ಕೆ 2020ರಲ್ಲಿ ಸುಮಾರು 3,000 ಐಸಿಯು ರೋಗಿಗಳ ಮೇಲೆ ನಡೆದ ಸ್ಟಾರ್ಟ್–ಎಕೆಐ ಪ್ರಯೋಗ ಉತ್ತರ ಕೊಟ್ಟಿದೆ: ಅವಸರದಿಂದ ಶುರು ಮಾಡಿದರೆ ಸಾವು ಕಡಿಮೆಯಾಗುವುದಿಲ್ಲ. ಔಷಧಕ್ಕೆ ಬಗ್ಗದ ಪೊಟ್ಯಾಸಿಯಂ, ತೀವ್ರ ಆಮ್ಲೀಯತೆ, ಲ್ಯಾಸಿಕ್ಸ್‌ಗೆ ಇಳಿಯದ ಶ್ವಾಸಕೋಶದ ನೀರು, ಯೂರಿಯಾ ಏರಿ ಮಂಪರು ಇವು ಬಂದಾಗ ತಡ ಮಾಡುವಂತಿಲ್ಲ. ಕ್ರಿಯಾಟಿನಿನ್ ಅಂಕಿಯೊಂದನ್ನೇ ನೋಡಿ ಯಂತ್ರ ಹಚ್ಚುವುದೂ ಬೇಡ, ‘ಒಮ್ಮೆ ಡಯಾಲಿಸಿಸ್ ಹಚ್ಚಿದರೆ ಜೀವನಪೂರ್ತಿ’ ಎಂದು ಹೆದರಿ ಮನೆಯವರು ಒಪ್ಪಿಗೆ ತಡೆಯುವುದೂ ಬೇಡ. ಈ ಬಗೆಯ ಘಾಸಿಯಲ್ಲಿ ಬದುಕುಳಿದವರ ಪೈಕಿ ಹೆಚ್ಚಿನವರ ಕಿಡ್ನಿ ಕೆಲವು ವಾರಗಳಲ್ಲಿ ಯಂತ್ರ ಬಿಡುವಷ್ಟು ಚೇತರಿಸುತ್ತದೆ.

ಬಿಪಿ ಇಳಿದಿರುವ ರೋಗಿಗೆ ನಾಲ್ಕು ತಾಸಿನ ಮಾಮೂಲಿ ಡಯಾಲಿಸಿಸ್ ತಡೆಯದು. ಅದೇ ಯಂತ್ರದಲ್ಲಿ ರಕ್ತದ ವೇಗವನ್ನು ನಿಮಿಷಕ್ಕೆ 100–200 ಮಿ.ಲೀ.ಗೆ ಇಳಿಸಿ ಆರರಿಂದ ಹನ್ನೆರಡು ತಾಸು ನಿಧಾನವಾಗಿ ನಡೆಸಬಹುದು. ದುಬಾರಿ ನಿರಂತರ ಯಂತ್ರ ಇಲ್ಲವೆಂದು ಕೈಚೆಲ್ಲಬೇಕಿಲ್ಲ. ಬೇಕಾದದ್ದು ನೀರು. ನಾಲ್ಕು ತಾಸಿಗೆ ಶುದ್ಧ ನೀರೇ 120 ಲೀಟರ್, ಆರ್‌ಒ ಹೊರಚೆಲ್ಲುವುದನ್ನೂ ಸೇರಿಸಿದರೆ ಅದರ ಹೆಚ್ಚುಕಡಿಮೆ ಎರಡು ಪಟ್ಟು. ನಳದ ನೀರು ದಿನಗಟ್ಟಲೆ ಬಾರದ, ಟ್ಯಾಂಕರ್ ಮತ್ತು ಬೋರ್ ನೀರಿನ ಮೇಲೆ ನಿಂತ ನಮ್ಮ ಊರುಗಳಲ್ಲಿ ಐಸಿಯು ಹಾಸಿಗೆ ಪಕ್ಕ ನಲ್ಲಿ, ಒಳಚರಂಡಿ, ಪೋರ್ಟಬಲ್ ಆರ್‌ಒ ಮೊದಲೇ ಸಿದ್ಧವಿರಬೇಕು. ಕ್ಲೋರಿನ್ ಹೀರುವ ಕಾರ್ಬನ್ ಸಿಲಿಂಡರ್ ಹಳತಾದರೆ ರಕ್ತಕಣಗಳೇ ಒಡೆಯುತ್ತವೆ. ಪ್ರತಿ ಸರದಿಗೆ ಮುನ್ನ ಒಟ್ಟು ಕ್ಲೋರಿನ್ ಲೀಟರಿಗೆ 0.1 ಮಿ.ಗ್ರಾಂ. ಮೀರಿಲ್ಲವೆಂದು ಪಟ್ಟಿ ಅದ್ದಿ ನೋಡಬೇಕು. ಕೊರೊನಾ ರೋಗಿಗಳ ರಕ್ತ ಬೇಗ ಹೆಪ್ಪುಗಟ್ಟುವುದರಿಂದ ಫಿಲ್ಟರ್ ಎಳೆಗಳಲ್ಲಿ ಕಪ್ಪು ಗೆರೆ ಮೂಡುತ್ತಿದೆಯೇ, ರಕ್ತ ಮರಳುವ ಕಡೆಯ ಒತ್ತಡ ಏರುತ್ತಿದೆಯೇ ಎಂದು ತಂತ್ರಜ್ಞರು ಅಲ್ಲೇ ನಿಂತು ನೋಡಬೇಕು. ಡಯಾಲಿಸಿಸ್‌ಗೆ ರಕ್ತನಾಳದೊಳಗೆ ಹಾಕುವ ಕ್ಯಾತಿಟರ್‌ ಕೊಳವೆಗೆ ಕುತ್ತಿಗೆಯ ಬಲಬದಿ ಮೊದಲ ಆಯ್ಕೆ. ಕೊರಳೆಲುಬಿನ ಕೆಳಗೆ ಬೇಡ, ಆ ನಾಳ ಮುಂದೆ ಕಿರಿದಾದರೆ ಫಿಸ್ಟುಲಾಕ್ಕೆ (ಕಾಯಂ ಡಯಾಲಿಸಿಸ್‌ಗೆಂದು ಕೈಯ ರಕ್ತನಾಳಗಳನ್ನು ಜೋಡಿಸುವುದಕ್ಕೆ) ಆ ಕೈ ಉಳಿಯುವುದಿಲ್ಲ.

ಜಿಲ್ಲಾ ಆಸ್ಪತ್ರೆಗಳಲ್ಲಿ 2016ರಿಂದ ರಾಷ್ಟ್ರೀಯ ಕಾರ್ಯಕ್ರಮದಡಿ ಬಂದ ಉಚಿತ ಡಯಾಲಿಸಿಸ್ ದೊಡ್ಡ ಉಪಕಾರ ಮಾಡಿದೆ. ಆದರೆ ಅದು ಬಹುಮಟ್ಟಿಗೆ ಕಾಯಂ ರೋಗಿಗಳ ಹಗಲಿನ ಸರದಿಗೆ ರೂಪಿಸಿದ್ದು. ಗದಗ, ಹಾವೇರಿ, ಧಾರವಾಡ ಮೂರೂ ಜಿಲ್ಲೆಗಳಲ್ಲಿ ಐಸಿಯುಗೆಂದೇ ಕನಿಷ್ಠ ಒಂದು ಯಂತ್ರ, ರಾತ್ರಿಯೂ ಕರೆದರೆ ಬರುವ ಒಬ್ಬ ತಂತ್ರಜ್ಞ ಇರುವಂತೆ ಆರೋಗ್ಯ ಇಲಾಖೆ ನೋಡಿಕೊಳ್ಳಬೇಕೆಂದು ಆಗ್ರಹಿಸುತ್ತೇವೆ. ಮುಂದಿನ ಅಲೆಗಲ್ಲದಿದ್ದರೆ ಇಲಿ ಜ್ವರಕ್ಕೆ, ಹಾವು ಕಡಿತಕ್ಕೆ, ಹೆರಿಗೆಯ ರಕ್ತಸ್ರಾವಕ್ಕೆ ಅದೇ ಯಂತ್ರ ಜೀವ ಉಳಿಸುತ್ತದೆ.

ಬಿಡುಗಡೆ ಚೀಟಿಯಲ್ಲಿ ‘ರೋಗಿ ಚೇತರಿಸಿದ್ದಾರೆ’ ಎಂದು ಬರೆದರೆ ಸಾಲದು. ಅತಿ ಹೆಚ್ಚು ಏರಿದ ಕ್ರಿಯಾಟಿನಿನ್ ಎಷ್ಟು, ಹೊರಡುವ ದಿನ ಎಷ್ಟು, ಡಯಾಲಿಸಿಸ್ ಆಯಿತೇ, ಯಾವ ಗುಳಿಗೆ ನಿಲ್ಲಿಸಿದೆ, ಮತ್ತೆ ಯಾವಾಗ ಶುರು, ಮುಂದಿನ ಪರೀಕ್ಷೆ ಯಾವ ತಾರೀಖಿಗೆ ಎಂಬುದು ಕನ್ನಡದಲ್ಲಿ ಇರಬೇಕು. ಚೇತರಿಕೆಯ ಹಂತದಲ್ಲಿ ಕೆಲವರಿಗೆ ದಿನಕ್ಕೆ ಮೂರ್ನಾಲ್ಕು ಲೀಟರ್ ಮೂತ್ರ ಹೋಗಿ ಪೊಟ್ಯಾಸಿಯಂ ಕುಸಿಯುತ್ತದೆ, ಅಂಥವರನ್ನು ಅವಸರದಿಂದ ಮನೆಗೆ ಕಳಿಸಬಾರದು. ನ್ಯೂಯಾರ್ಕ್‌ನ ಇನ್ನೊಂದು ಆಸ್ಪತ್ರೆ ಸಮೂಹದಲ್ಲಿ ಕಿಡ್ನಿ ಘಾಸಿಯಾಗಿ ಬದುಕುಳಿದವರ ಪೈಕಿ ಶೇ 35ರಷ್ಟು ಮಂದಿಯ ಕಿಡ್ನಿ ಬಿಡುಗಡೆಯ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಬಂದಿರಲಿಲ್ಲ. ಒಂದೆರಡು ವಾರದಲ್ಲಿ ಒಮ್ಮೆ, ಮೂರು ತಿಂಗಳಿಗೆ ಮತ್ತೊಮ್ಮೆ ಕ್ರಿಯಾಟಿನಿನ್ ಮತ್ತು ಮೂತ್ರದಲ್ಲಿ ಪ್ರೊಟೀನ್ ಸೋರುತ್ತಿದೆಯೇ ತೋರಿಸುವ ಅಲ್ಬುಮಿನ್–ಕ್ರಿಯಾಟಿನಿನ್ ಅನುಪಾತ ನೋಡಲೇಬೇಕು. ಮೂರು ತಿಂಗಳ ನಂತರವೂ ಸಾಮರ್ಥ್ಯ 60ಕ್ಕಿಂತ ಕಡಿಮೆ ಅಥವಾ ಅನುಪಾತ 30ಕ್ಕಿಂತ ಹೆಚ್ಚಿದ್ದರೆ ಅದು ದೀರ್ಘಕಾಲದ ಕಿಡ್ನಿ ಕಾಯಿಲೆ. ಬಿಪಿ, ಸಕ್ಕರೆ ಹದ್ದುಬಸ್ತಿನಲ್ಲಿಟ್ಟು ಸರಿಯಾದ ಔಷಧ ತೆಗೆದುಕೊಂಡರೆ ಅದನ್ನು ಬಹಳ ವರ್ಷ ತಡೆಯಬಹುದು.

2020–21ರಲ್ಲಿ ಕೊರೊನಾದಿಂದ ಐಸಿಯುನಲ್ಲಿದ್ದವರು, ಕಪ್ಪು ಶಿಲೀಂಧ್ರಕ್ಕೆ ಸೂಜಿ ತೆಗೆದುಕೊಂಡವರು, ಆಗ ಒಮ್ಮೆಯಾದರೂ ಡಯಾಲಿಸಿಸ್ ಆದವರು ಇನ್ನೂ ಪರೀಕ್ಷೆ ಮಾಡಿಸಿಲ್ಲವಾದರೆ ಆಗಿನ ಬಿಡುಗಡೆ ಚೀಟಿ ಹಿಡಿದು ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಈ ತಿಂಗಳೇ ಹೋಗಿ. ಒಂದು ರಕ್ತ ಪರೀಕ್ಷೆ, ಒಂದು ಮೂತ್ರ ಪರೀಕ್ಷೆ, ಬಿಪಿ ನೋಡಿಸುವುದು, ಇಷ್ಟೇ ಕೆಲಸ. ಚೀಟಿ ಕಳೆದಿದ್ದರೂ ಹೋಗಿ.

ಇಂತಿ,
ಕಿಡ್ನಿ ಚಿಕಿತ್ಸೆ ಮತ್ತು ಡಯಾಲಿಸಿಸ್ ಸೇವೆಯಲ್ಲಿರುವ ವೈದ್ಯರು, ಶುಶ್ರೂಷಕರು ಹಾಗೂ ತಂತ್ರಜ್ಞರು
ಹುಬ್ಬಳ್ಳಿ–ಧಾರವಾಡ